ನಿಕಾಸಿಯಾ ಮಗಳಿಗೆ ಕಲಿಸದ ಮಾತು

ಕುಸ್ಕೊ ಪಟ್ಟಣದ ಸಾಂತಾ ಆನಾ ಬಡಾವಣೆಯಲ್ಲಿ, ಮೆಟ್ಟಿಲುಗಳೇ ಬೀದಿಯಾಗಿರುವ ಒಂದು ಕಡೆ, ನಿಕಾಸಿಯಾಳ ಮನೆ. ಮಹಡಿಯ ಮೇಲಿನ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು, ಬೆಳಗ್ಗೆ ಅವರಿಗೆ ಬ್ರೆಡ್ಡು, ಮೊಟ್ಟೆ, ಕೋಕಾ ಎಲೆಯ ಕಷಾಯ ಕೊಟ್ಟು ಕಳಿಸುವುದು, ಇಷ್ಟೇ ಅವಳ ಸಂಪಾದನೆ. ಗಂಡ ಕಾಡಿನ ಸೀಮೆಗೆ ಚಿನ್ನ ತೊಳೆಯುವ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಮನೆಯಲ್ಲಿ ಉಳಿದವರು ಮೂವರು: ನಿಕಾಸಿಯಾ, ಟೂರಿಸ್ಟ್ ಗೈಡ್ ಆಗಲು ಓದುತ್ತಿದ್ದ ಮಗಳು ಮಿಲುಸ್ಕಾ, ಮತ್ತು ತಾಯಿ ಅಸುಂತಾ.

ಬಂದ ಪ್ರವಾಸಿಗರು ಮಚು ಪಿಚುವಿನ ರೈಲು ಎಷ್ಟು ಹೊತ್ತಿಗೆ, ಬಿಸಿನೀರು ಬರುತ್ತದೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಮಗ್ಗುಲಿಗೆ ಕುರಿಚರ್ಮದ ಮೇಲೆ ಕೂತಿರುತ್ತಿದ್ದ ಅಸುಂತಾಳನ್ನು ಕಂಡು ಮುಗುಳ್ನಗುತ್ತಿದ್ದರು. ಕೆಲವರು ಫೋಟೋ ತೆಗೆದುಕೊಳ್ಳುತ್ತಿದ್ದರು. ಮುದುಕಿಯೂ ನಗುತ್ತಿದ್ದಳು. ಅಲ್ಲಿಗೆ ಮುಗಿಯಿತು.

೧೯೯೮ರ ಮೇ ತಿಂಗಳಲ್ಲಿ ಬಂದ ಲೀವೆ ಮಾತ್ರ ಬೇರೆ ತರಹದವಳು. ಬೆಲ್ಜಿಯಂನ ನರ್ಸು. ಬೊಲಿವಿಯಾದ ಹಳ್ಳಿಯ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದು, ಊರಿಗೆ ಮರಳುವ ಮುನ್ನ ಇಂಕಾಗಳ ನಾಡನ್ನು ಕಣ್ತುಂಬ ನೋಡಿಕೊಂಡು ಹೋಗಲು ಬಂದಿದ್ದಳು. ಮೊದಲ ದಿನವೇ ತಿಂಡಿ ತಿಂದ ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಅಸುಂತಾ ಆಲೂಗಡ್ಡೆ ಹೆರೆಯುತ್ತಿದ್ದಳು. ಲೀವೆ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆಟ್ಟದ ಊರುಗಳವರ ಮಾತಾದ ಕೆಚುವಾದಲ್ಲಿ ಕೇಳಿದಳು:

"ಏನವ್ವಾ, ರಾತ್ರಿ ಚೆಂದಾಗ್ ನಿದ್ದೆ ಬಂತಾ? ಚಳಿ ಆಗ್ನಿಲ್ವಾ?"

ಆಲೂಗಡ್ಡೆ ಕೈಜಾರಿ ಒಲೆಯತ್ತ ಉರುಳಿತು. ಮುದುಕಿ ಆ ಬಿಳಿ ಮುಖವನ್ನೂ ಬಾಯನ್ನೂ ದಿಟ್ಟಿಸಿ ನೋಡಿದಳು.

"ಯಾರವ್ವ ನೀನು? ನಮ್ ಮಾತಾಡ್ತೀಯಲ್ಲ! ಅದೂ ಆಕಡೆ ಸೀಮೆಯೋರ್ ಥರ ರಾಗ ಎಳ್ಕಂಡು!"

"ಆಕಡೇನೇ ಕಲ್ತಿದ್ದು ಕಣವ್ವ. ಕೊಚಬಂಬಾ ಹತ್ರ."

"ಹಂಗನ್ನು ಮತ್ತೆ! ಅದಕ್ಕೇ ಕುರಿ ಅರಚ್ದಂಗೆ ಕೇಳ್ತದೆ."

ಅಂದವಳೇ ಅಸುಂತಾ ನಕ್ಕಳು. ಬಾಯಿ ಮುಚ್ಚಿಕೊಂಡಲ್ಲ, ಉಳಿದ ಹಲ್ಲುಗಳೆಲ್ಲ ಕಾಣುವಂತೆ, ತೊಡೆ ತಟ್ಟಿಕೊಂಡು ನಕ್ಕಳು. ಒಲೆಯ ಮುಂದೆ ನಿಂತಿದ್ದ ನಿಕಾಸಿಯಾ ಮೊಟ್ಟೆ ಸೀದು ಹೋಗುವುದನ್ನೂ ಮರೆತು ತಿರುಗಿ ನೋಡಿದಳು. ಚೀಲ ಹೆಗಲಿಗೇರಿಸಿ ಮಹಡಿ ಇಳಿದು ಬಂದ ಮಿಲುಸ್ಕಾ ಗಾಬರಿಯಿಂದ ಕೇಳಿದಳು:

"ಅಮ್ಮ, ಅಜ್ಜಿಗೇನಾಯ್ತು? ಯಾಕೆ ಅಷ್ಟೊಂದು ಮಾತಾಡ್ತಿದ್ದಾಳೆ?"

ಆ ಪ್ರಶ್ನೆಗೆ ಉತ್ತರ ಹೇಳಲು ನಿಕಾಸಿಯಾ ಬಹಳ ಹಿಂದಕ್ಕೆ ಹೋಗಬೇಕಾಗಿತ್ತು.

ಪೌಕರ್‌ತಾಂಬೊ ಪಟ್ಟಣದ ಮೇಲಿನ ಬೆಟ್ಟದಲ್ಲಿ, ಆಲೂಗಡ್ಡೆ ಬಿಟ್ಟರೆ ಬೇರೇನೂ ಬೆಳೆಯದ ಎತ್ತರದಲ್ಲಿ ಅವಳ ಹುಟ್ಟೂರು ಚಿರಿಪಾತ. ಒಂಬತ್ತು ವರ್ಷದವಳಿದ್ದಾಗ ಅವಳನ್ನು ಕುಸ್ಕೊದ ಒಬ್ಬ ಔಷಧಿ ಅಂಗಡಿಯವರ ಮನೆಗೆ ಕೆಲಸಕ್ಕೆ ಬಿಟ್ಟರು. ಆಗ ಅವಳಿಗೆ ಸ್ಪ್ಯಾನಿಷ್ ಬಾರದು. ಕಲಿತರೂ ಎ, ಇ ಎರಡೂ ನಾಲಿಗೆಯಲ್ಲಿ ಒಂದೇ ಆಗಿಬಿಡುತ್ತಿದ್ದವು. ಒಂದು ದಿನ ನೆಂಟರು ತುಂಬಿದ್ದಾಗ 'ಊಟ ಮೇಸದ ಮೇಲಿಟ್ಟಿದ್ದೀನಿ' ಎನ್ನಲು ಹೋಗಿ 'ಮೀಸದ ಮೇಲಿಟ್ಟಿದ್ದೀನಿ' ಎಂದಳು. ಮೇಸ ಎಂದರೆ ಊಟದ ಮೇಜು, ಮೀಸ ಎಂದರೆ ಚರ್ಚಿನ ಪೂಜೆ. ನೆಂಟರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಆ ಮನೆಯ ಮಕ್ಕಳು ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. "ಏ ಮೀಸ, ನೀರು ತಾ! ಏ ಮೀಸ, ಬೂಟು ಒರೆಸು!" ಎನ್ನುತ್ತಿದ್ದರು. ಮದುವೆಯಾಗಿ ಆ ಮನೆ ಬಿಡುವವರೆಗೂ ಅವಳು ಮೀಸಳೇ.

ತನಗೊಂದು ಹೆಣ್ಣು ಹುಟ್ಟಿದಾಗ ನಿಕಾಸಿಯಾ ತೊಟ್ಟಿಲ ಪಕ್ಕದಲ್ಲೇ ನಿರ್ಧಾರ ಮಾಡಿದಳು, ಇವಳ ಮಾತು ಕೇಳಿ ಯಾರೂ ನಗಬಾರದು. ಮಗಳ ಹತ್ತಿರ ಸ್ಪ್ಯಾನಿಷ್ ಬಿಟ್ಟು ಇನ್ನೊಂದು ಮಾತು ಆಡಲಿಲ್ಲ. ನಿಕಾಸಿಯಾಳ ಅಪ್ಪ ತೀರಿಕೊಂಡ ಮೇಲೆ ಅಸುಂತಾ ಮಗಳ ಮನೆಗೆ ಬಂದಳು. ಅವಳೋ ಮಹಾ ಮಾತುಗಾರ್ತಿ. ಊರಲ್ಲಿ ಕುರಿ ಕಾಯುವವರೂ ದಾರಿ ಬದಲಿಸಿ ಬಂದು ಅವಳ ಬಾಗಿಲಲ್ಲಿ ಕೂರುತ್ತಿದ್ದರಂತೆ. ಬಂದವಳೇ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳಗಿನಿಂದ ಸಂಜೆತನಕ ಹಾಡು, ಕಥೆ, ಬೈಗುಳ. ಕೆಲವು ತಿಂಗಳಲ್ಲಿ ಮಗು ಶಿಶುವಿಹಾರದಲ್ಲಿ ನೀರು ಕೇಳುವಾಗ ಅಜ್ಜಿಯ ಮಾತಲ್ಲಿ 'ಊನು' ಎಂದು ಕೇಳಿತು. ಉಳಿದ ಮಕ್ಕಳು ನಕ್ಕರು. ಕರೆದುಕೊಂಡು ಬರಲು ಹೋದ ನಿಕಾಸಿಯಾಳಿಗೆ ಟೀಚರು, "ಮನೆಯಲ್ಲಿ ಸರಿಯಾದ ಮಾತಾಡಿ, ಸೆನ್ಯೋರಾ" ಎಂದರು.

ಮನೆಗೆ ಬರುತ್ತಲೇ ಅಮ್ಮ ಬೆನ್ನಿಗೆ ಕಟ್ಟಿಕೊಂಡ ಮಗುವನ್ನು ನಿಕಾಸಿಯಾ ಬಿಚ್ಚಿಕೊಂಡಳು.

"ಅವ್ವಾ, ಮಗೀನ್ ಕೂಟೆ ಈ ಮಾತಾಡ್ಬ್ಯಾಡ."

"ಮತ್ ಇನ್ಯಾವ್ ಮಾತಾಡ್ಲವ್ವ? ನಂಗಿರೋದೇ ಒಂದು ಮಾತು."

"ಹಂಗಾದ್ರೆ ಮಾತೇ ಆಡ್ಬ್ಯಾಡ."

ಅಸುಂತಾ ಜಗಳವಾಡಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಮಗಳು ಪಟ್ಟಣದಲ್ಲಿ ಬೆಳೆದವಳು, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡಳೋ ಏನೋ. ಬಾ, ತಿನ್ನು, ಹುಷಾರು, ಚಳಿ ಎಂಬಂಥ ನಾಲ್ಕಾರು ಸ್ಪ್ಯಾನಿಷ್ ಮಾತು ಕಲಿತಳು. ಅಷ್ಟರಲ್ಲೇ ಮೊಮ್ಮಗಳನ್ನು ಬೆಳೆಸಿದಳು. ತಲೆ ಬಾಚಿದಳು, ಜ್ವರ ಬಂದಾಗ ಹಣೆ ಒತ್ತಿದಳು, ಎಲ್ಲ ಬಾಯಿ ಮುಚ್ಚಿಕೊಂಡೇ. ಹಿತ್ತಲಿನ ಗೂಡಿನಲ್ಲಿ ಸಾಕಿದ್ದ ಕುಯಿಗಳಿಗೆ, ಇಲಿಯಂಥ ಆ ಗುಂಡುಗುಂಡು ಪ್ರಾಣಿಗಳಿಗೆ, ಮೇವು ಹಾಕುವಾಗ ಮಾತ್ರ ಅವಳು ಪಿಸುಗುಟ್ಟುವುದು ಕೇಳುತ್ತಿತ್ತು. ಯಾರಾದರೂ ಬಂದರೆ ಸುಮ್ಮನಾಗುತ್ತಿದ್ದಳು. ಮೊದಮೊದಲು ನಿಕಾಸಿಯಾಳಿಗೆ ಎದೆ ಚುರುಕ್ ಎನ್ನುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅಮ್ಮನಿಗೆ ವಯಸ್ಸಾಗಿದೆ, ಮಾತು ಕಡಿಮೆ ಎಂದು ತಾನೇ ನಂಬಿಬಿಟ್ಟಳು.

ಈಗ ಲೀವೆ ಬಂದು ಒಂದೇ ಪ್ರಶ್ನೆಯಲ್ಲಿ ಆ ನಂಬಿಕೆಯನ್ನು ಕೆಡಿಸಿದ್ದಳು.

ಲೀವೆ ಹಗಲೆಲ್ಲ ಇಂಕಾ ಗೋಡೆಗಳನ್ನೂ ಕೋಟೆಗಳನ್ನೂ ಸುತ್ತಿ, ಸಂಜೆ ನೇರ ಅಡುಗೆಮನೆಗೆ ಬರುತ್ತಿದ್ದಳು. ನೋಡಿದ್ದನ್ನೆಲ್ಲ ಮುದುಕಿಗೆ ಹೇಳುವಳು. ಮುದುಕಿ ಅದಕ್ಕೆ ತನ್ನದೊಂದು ಸೇರಿಸುವಳು. ಮಿಲುಸ್ಕಾ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ಪುಟವನ್ನೂ ತಿರುಗಿಸುತ್ತಿರಲಿಲ್ಲ.

ಒಂದು ಭಾನುವಾರ ನಾಲ್ವರೂ ತಿಪೋನ್‌ಗೆ ಹೋದರು. ಬೆಟ್ಟದ ಬೆನ್ನಿನಲ್ಲಿ ಇಂಕಾಗಳು ಕಟ್ಟಿದ ಮೆಟ್ಟಿಲು ಹೊಲಗಳು, ಕಲ್ಲಿನ ಕಾಲುವೆಗಳಲ್ಲಿ ಇಂದಿಗೂ ಬತ್ತದೆ ಹರಿಯುವ ನೀರು. ಮಿಲುಸ್ಕಾ ಪರೀಕ್ಷೆಗೆ ಕಲಿತದ್ದನ್ನು ಲೀವೆಗೆ ಒಪ್ಪಿಸತೊಡಗಿದಳು. ಚೆನ್ನಾಗಿಯೇ ಹೇಳುತ್ತಿದ್ದಳು. ಮಗಳ ತಿದ್ದಿದಂಥ ಸ್ಪ್ಯಾನಿಷ್ ಕೇಳಿ ನಿಕಾಸಿಯಾಳ ಎದೆ ಉಬ್ಬಿತ್ತು. ಅಷ್ಟರಲ್ಲಿ ಅಸುಂತಾ ಚಪ್ಪಲಿ ಬಿಟ್ಟು, ಲಂಗ ಎತ್ತಿಕಟ್ಟಿ, ಕಾಲುವೆಗೆ ಕಾಲಿಳಿಬಿಟ್ಟಳು.

"ಅಯ್ಯಪ್ಪಾ! ನಿಕಾಚ, ಹಾಸ್ಗೇಲಿ ನಿಮ್ಮಪ್ಪನ್ ಕಾಲೂ ಇಷ್ಟು ತಣ್ಣಗಿರ್ನಿಲ್ಲ ಕಣೆ! ಇದಕ್ಕಿಂತ ಆವಯ್ಯನೇ ವಾಸಿ!"

ದೂರದಿಂದ ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

"ಏನಯ್ಯಾ ಊದೀಯೆ? ನಿಮ್ಮವ್ವ ಹಾಲ್ ಕುಡ್ಸಿ ಬೆಳ್ಸಿದ್ದು ಇದಕ್ಕಾ? ಮುದುಕಿ ಕಾಲ್ ತೊಳ್ದ್ರೆ ನಿಮ್ ಇಂಕಾನ್ ನೀರು ಸವ್ದೋಯ್ತದಾ?"

ಸೀಟಿ ಕಾವಲುಗಾರನ ತುಟಿಯಿಂದ ಕೆಳಗೆ ಬಿತ್ತು. "ತೊಳ್ಕೊ ತಾಯಿ, ತೊಳ್ಕೊ. ಸಾಹೇಬ್ರು ಬರೋದ್ರೊಳ್ಗೆ ಎದ್ಬಿಡು," ಎಂದು ಅವನೂ ನಕ್ಕ. ಲೀವೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಿಕಾಸಿಯಾಳಿಗೂ ತಡೆಯಲಾಗಲಿಲ್ಲ.

"ಏನು? ಅಜ್ಜಿ ಏನಂದ್ಲು?" ಮಿಲುಸ್ಕಾ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

ಲೀವೆ ಕಣ್ಣೊರೆಸಿಕೊಂಡು ಸ್ಪ್ಯಾನಿಷ್‌ನಲ್ಲಿ ಹೇಳಿದಳು, "ನೀರು ನಿಮ್ಮ ತಾತನ ಕಾಲಿಗಿಂತ ತಣ್ಣಗಿದೆ ಅಂದ್ರು."

"ಓ," ಎಂದಳು ಮಿಲುಸ್ಕಾ. ನಗಲು ನೋಡಿದಳು. ಆಮೇಲೆ ವಿವರಣೆಯನ್ನು ಮುಂದುವರಿಸಲಿಲ್ಲ.

ಮರಳುವಾಗ ಮಿನಿಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ ಕೂತಿದ್ದರು.

"ಅಮ್ಮ, ಬೆಲ್ಜಿಯಂನೋಳಿಗೆ ನಮ್ಮಜ್ಜಿ ಮಾತು ಅರ್ಥ ಆಗುತ್ತೆ. ಆ ಸೀಟಿ ಊದೋನಿಗೂ ಅರ್ಥ ಆಗುತ್ತೆ. ನಂಗೆ ಮಾತ್ರ ಆಗಲ್ಲ. ನೀನ್ಯಾಕೆ ನಂಗೆ ಕಲಿಸ್ಲಿಲ್ಲ?"

"ನಿನ್ನ ಒಳ್ಳೇದಕ್ಕೇ ಕಣೇ."

"ಏನು ಒಳ್ಳೇದಾಯ್ತು? ನಾನು ಅಜ್ಜಿಗೆ ಮಾತೇ ಬರಲ್ಲ ಅಂದ್ಕೊಂಡಿದ್ದೆ, ಗೊತ್ತಾ? ಚಿಕ್ಕೋಳಿದ್ದಾಗ ನನ್ನ ಫ್ರೆಂಡ್ಸ್‌ಗೆ ಹಂಗೇ ಹೇಳಿದ್ದೆ. ನಮ್ಮಜ್ಜಿ ಮೂಗಿ ಅಂತ."

ನಿಕಾಸಿಯಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಔಷಧಿ ಅಂಗಡಿಯವರ ಮನೆಯ ಊಟದ ಮೇಜು, ಆ ನೆಂಟರ ನಗು, ಇದನ್ನೆಲ್ಲ ಹೇಳಿ ಮಗಳಿಗೆ ಸಮಾಧಾನ ಮಾಡಬಹುದಿತ್ತು. ಮುಂದಿನ ಸೀಟಿನಲ್ಲಿ ಅಮ್ಮ ಲೀವೆಯ ಭುಜಕ್ಕೆ ಒರಗಿ ಇನ್ನೂ ಏನೋ ಹೇಳುತ್ತಲೇ ಇದ್ದಳು.

ಜೂನ್ ಮೊದಲಲ್ಲಿ ಲೀವೆ ಹೊರಟಳು. ಅಸುಂತಾ ಅವಳ ಎರಡೂ ಕೆನ್ನೆ ಹಿಡಿದು, "ಮತ್ ಯಾವಾಗ್ ಬಂದೀಯೆ ಮಗಾ?" ಎಂದು ಕೇಳಿದಳು. "ಬತ್ತೀನಿ ಕಣವ್ವ," ಎಂದಳು ಲೀವೆ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಮೆಟ್ಟಿಲಿಳಿದು ಮರೆಯಾದ ಮೇಲೆ ಮುದುಕಿ ಕುರಿಚರ್ಮದ ಮೇಲೆ ಬಂದು ಕೂತಳು. ಮನೆ ಮೊದಲಿನಂತಾಯಿತು.

ನಿಕಾಸಿಯಾ ಅಮ್ಮನ ಮುಂದೆ ಕೂತಳು.

"ಅವ್ವಾ, ಇನ್ಮೇಲೆ ಮಿಲುಸ್ಕಾ ಕೂಟೆ ಮಾತಾಡು. ಅವ್ಳು ಕಲೀಬೇಕಂತೆ. ನಾನೇ ಹೇಳ್ತಿವ್ನಿ, ಮಾತಾಡು."

"ಬಾಯಿಗೇ ಬರಾಕಿಲ್ಲ ಕಣೆ," ಎಂದಳು ಅಸುಂತಾ. "ಆ ಮಗೀನ್ ಮೊಕ ನೋಡ್ದೇಟ್ಗೆ ನಾಲ್ಗೆ ತಾನೇ ಸುಮ್ಕಾಯ್ತದೆ. ಏನ್ ಮಾಡಾನ?"

ಆ ಮಾತಿನಲ್ಲಿ ದೂರು ಇರಲಿಲ್ಲ. ನಿಕಾಸಿಯಾಳಿಗೆ ಅದೇ ಹೆಚ್ಚು ನೋವಾಯಿತು. ಒಂದು ಸಲ ಬೈದುಬಿಟ್ಟಿದ್ದರೆ ಅಳಬಹುದಿತ್ತು.

ಆದರೆ ಮುದುಕಿಯೇ ಒಂದು ದಾರಿ ಹುಡುಕಿದಳು. ಸಂಜೆ ಮೇವು ಹಾಕುವ ಹೊತ್ತಿಗೆ ಮಿಲುಸ್ಕಾಳ ಸ್ವೆಟರಿನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ಯತೊಡಗಿದಳು. ಮೊಮ್ಮಗಳ ಕಡೆ ಬೆನ್ನು ಮಾಡಿ ಕೂತು ಕುಯಿಗಳ ಜೊತೆ ಗಟ್ಟಿಯಾಗಿ ಮಾತಾಡುವಳು: "ತಿನ್ರೋ, ಹುಲ್ ತಿನ್ರೋ. ಏಯ್ ಕರಿಯಾ, ತಂಗಿಗೆ ಬಿಡೋ." ಮಿಲುಸ್ಕಾ ಅವಳ ಹಿಂದೆ ನಿಂತು ಪಿಸುದನಿಯಲ್ಲಿ ಹೇಳಿಕೊಳ್ಳುವಳು, ಹುಲ್ಲು, ಕಪ್ಪು, ತಂಗಿ. ಅಡುಗೆಮನೆಯ ಕಿಟಕಿಯಿಂದ ನಿಕಾಸಿಯಾ ಇದನ್ನು ನೋಡುತ್ತಿದ್ದಳು. ಇನ್ನೊಂದು ವರ್ಷ ಹೀಗೇ ನಡೆದರೆ ಸಾಕು ಎಂದು ಲೆಕ್ಕ ಹಾಕುತ್ತಿದ್ದಳು.

ಮೂರನೇ ವಾರಕ್ಕೆ ಹಿಮ ಸುರಿದಂಥ ಚಳಿ ಬಿತ್ತು. ಅಸುಂತಾಳಿಗೆ ಕೆಮ್ಮು ಹಿಡಿಯಿತು. ಕೆಮ್ಮು ಎದೆಗಿಳಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಅದೇ ವಾರ ಸೂರ್ಯನ ಹಬ್ಬ, ಇಂತಿ ರಾಯ್ಮಿ. ಕುಸ್ಕೊದಲ್ಲಿ ಒಂದು ಹಾಸಿಗೆ ಖಾಲಿ ಇರುವುದಿಲ್ಲ, ನಿಕಾಸಿಯಾಳ ಮನೆಯೂ ಭರ್ತಿ. ಹಬ್ಬದ ದಿನ ಬೆಳಗ್ಗೆ ಮಿಲುಸ್ಕಾ ಆಸ್ಪತ್ರೆಗೆ ಹೋದಳು. "ಇವ್ರಿಗೆ ತಿಂಡಿ ಕೊಟ್ಟು, ಹಾಸಿಗೆ ಬಟ್ಟೆ ಬದಲಾಯ್ಸಿ ಬಂದುಬಿಡ್ತೀನಿ," ಎಂದಳು ನಿಕಾಸಿಯಾ. ಇವತ್ತೊಂದು ದಿನ ಹೊರಗೆ ತಿನ್ನಿ ಎಂದು ಪ್ರವಾಸಿಗರಿಗೆ ಹೇಳಬಹುದಿತ್ತು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಲಿಲ್ಲ.

ತಿಂಡಿ ಮುಗಿಯುವ ಹೊತ್ತಿಗೆ ತಡವಾಗಿತ್ತು. ಚೌಕಕ್ಕೆ ಬಂದರೆ ಹಗ್ಗ ಕಟ್ಟಿದ್ದರು, ಪೊಲೀಸರು ಯಾರನ್ನೂ ದಾಟಲು ಬಿಡುತ್ತಿರಲಿಲ್ಲ. "ನಮ್ಮಮ್ಮ ಆಸ್ಪತ್ರೇಲಿದ್ದಾಳೆ ಸ್ವಾಮಿ!" ಎಂದರೆ, "ಎಲ್ಲರ ಅಮ್ಮಂದಿರೂ ಇವತ್ತು ಆಸ್ಪತ್ರೇಲೇ ಇರ್ತಾರೆ, ಹಿಂದೆ ಸರೀರಿ," ಎಂದನೊಬ್ಬ. ಇಂಕಾನ ವೇಷದವನು ಪಲ್ಲಕ್ಕಿಯಲ್ಲಿ ಬಂದು ನಿಂತು, ಮೈಕಿನಲ್ಲಿ ಕೆಚುವಾದಲ್ಲಿ ಸೂರ್ಯನನ್ನು ಕರೆದ. ಅರ್ಥವಾಗದ ಸಾವಿರಾರು ಜನ ಚಪ್ಪಾಳೆ ತಟ್ಟಿದರು. ಅರ್ಥವಾಗುತ್ತಿದ್ದ ನಿಕಾಸಿಯಾ ಹಗ್ಗ ಹಿಡಿದುಕೊಂಡು ಅದು ಮುಗಿಯುವುದನ್ನೇ ಕಾಯುತ್ತ ನಿಂತಿದ್ದಳು. ಹಬ್ಬದ ಮುಂದಿನ ಪೂಜೆಗೆಂದು ಜನ ಕೋಟೆಯ ಕಡೆ ಹೊರಟ ಮೇಲೂ ಬೀದಿಗಳು ಬಿಡುವಾಗಲಿಲ್ಲ. ಆಸ್ಪತ್ರೆ ತಲುಪಿದಾಗ ಬಿಸಿಲು ಇಳಿದಿತ್ತು.

ಅಸುಂತಾ ಕಣ್ಣು ಮುಚ್ಚಿದ್ದಳು. ಮೂಗಿಗೆ ಆಮ್ಲಜನಕದ ಕೊಳವೆ. ಮಿಲುಸ್ಕಾ ಅವಳ ಕೈ ಹಿಡಿದು ಕೂತಿದ್ದಳು.

"ಮಧ್ಯಾಹ್ನ ಪೂರ್ತಿ ಮಾತಾಡಿದ್ಲು ಅಮ್ಮ. ನನ್ನ ಮುಖ ನೋಡ್ಕೊಂಡೇ. ನಿಲ್ಲಿಸ್ಲೇ ಇಲ್ಲ."

"ಏನಂದ್ಲು?"

"ನಂಗೆ ಹೆಂಗೆ ಗೊತ್ತಾಗುತ್ತೆ? ನಾನು 'ಅರೀ, ಅರೀ' ಅಂತಿದ್ದೆ."

ಅರೀ ಎಂದರೆ ಹೂಂ. ಪಕ್ಕದ ಹಾಸಿಗೆಯವಳು ಲೀಮಾ ಕಡೆಯವಳು, ಅವಳಿಗೂ ಆ ಮಾತು ಬಾರದು. ಹಬ್ಬದ ದಿನವಾದ್ದರಿಂದ ನರ್ಸುಗಳು ಕಡಿಮೆ. ಬಂದವರು ಸೂಜಿ ಚುಚ್ಚಿ ಓಡುತ್ತಿದ್ದರು.

"ಒಂದು ಮಾತೂ ತಿಳೀಲಿಲ್ವೇನೇ?"

"ನದಿ ಅಂದ್ಲು. ನಾಯಿ ಅಂದ್ಲು. ಉಪ್ಪು ಅಂತ ಒಂದ್ಸಲ. ಆಮೇಲೆ ನಿಕಾಚ, ನಿಕಾಚ ಅಂತ ತುಂಬ ಸಲ."

"ಅಳ್ತಾ ಹೇಳಿದ್ಲಾ? ನಗ್ತಾ ಹೇಳಿದ್ಲಾ?"

ಮಿಲುಸ್ಕಾ ಯೋಚಿಸಿದಳು. "ಎರಡೂ ಇಲ್ಲ. ಸಂತೆಗೆ ಹೋಗಿ ಬಂದೋರು ಹೇಳೋ ಥರ ಹೇಳಿದ್ಲು."

ನಿಕಾಸಿಯಾ ಅಮ್ಮನ ಕಿವಿಗೆ ಬಾಯಿಟ್ಟು ಕರೆದಳು. ಅವ್ವಾ, ನಾನು ಬಂದೆ, ನಿಕಾಚ, ಇನ್ನೊಂದ್ಸಲ ಹೇಳು. ಅಸುಂತಾ ಕಣ್ಣು ತೆರೆಯಲಿಲ್ಲ. ಎರಡು ದಿನ ಹಾಗೇ ಇದ್ದು ತೀರಿಕೊಂಡಳು. ಅವಳನ್ನು ಚಿರಿಪಾತಕ್ಕೇ ಒಯ್ದು ಮಣ್ಣು ಮಾಡಿದರು.

ಆಮೇಲಿನ ತಿಂಗಳುಗಳಲ್ಲಿ ನಿಕಾಸಿಯಾ ಪಾತ್ರೆ ಬೆಳಗುವಾಗ, ಹಾಸಿಗೆ ಕೊಡವುವಾಗ ಆ ಮೂರು ಮಾತುಗಳನ್ನೇ ಜೋಡಿಸಿ ನೋಡುತ್ತಿದ್ದಳು. ನದಿ, ನಾಯಿ, ಉಪ್ಪು. ತನ್ನನ್ನು ಪಟ್ಟಣಕ್ಕೆ ಬಿಡಲು ಕರೆತಂದ ದಿನ ನದಿ ದಾಟಿದ್ದು ನೆನಪಿತ್ತು, ಮನೆಯ ನಾಯಿ ಹೊಳೆಯ ದಡದವರೆಗೆ ಹಿಂಬಾಲಿಸಿದ್ದೂ ನೆನಪಿತ್ತು. ಉಪ್ಪು ಮಾತ್ರ ಅದರಲ್ಲಿ ಎಲ್ಲೂ ಕೂರುತ್ತಿರಲಿಲ್ಲ. ಬೇರೆ ಯಾವುದೋ ದಿನದ ಮಾತೇ ಇರಬಹುದು. ಬೆಟ್ಟದ ಊರಿನಲ್ಲಿ ನದಿಗೆ, ನಾಯಿಗೆ ಏನು ಕೊರತೆ?

ನವೆಂಬರಿನಲ್ಲಿ, ತೀರಿಕೊಂಡವರ ಹಬ್ಬಕ್ಕೆ, ತಾಯಿ ಮಗಳು ಮಗುವಿನ ಆಕಾರದ ಬ್ರೆಡ್ಡುಗಳನ್ನು ಮಾಡಿಸಿಕೊಂಡು ಚಿರಿಪಾತಕ್ಕೆ ಹೋದರು. ಅಸುಂತಾಳ ತಂಗಿ ಬಾಸಿಲಿಯಾ ಗೋರಿಯ ಮೇಲೆ ಬಟ್ಟೆ ಹಾಸಿ, ಬೇಯಿಸಿದ ಆಲೂಗಡ್ಡೆ, ಕೋಕಾ ಎಲೆ, ಚೀಚಾ ಎಂಬ ಮುಸುಕಿನ ಜೋಳದ ಹೆಂಡದ ಮಡಕೆ ಇಟ್ಟಿದ್ದಳು. ಊರ ಹೆಂಗಸರು ಸುತ್ತ ಕೂತಿದ್ದರು. ನಿಕಾಸಿಯಾ ಬಾಯಿ ತೆರೆದದ್ದೇ ಅವರಲ್ಲಿ ಮುಸಿಮುಸಿ ನಗು ಶುರುವಾಯಿತು.

"ಇದೇನೇ ನಿಕಾಚ, ಕೂದ್ಲು ನೆರೆತದೆ, ಇನ್ನೂ ಕುರಿ ಕಾಯೋ ಹುಡ್ಗೀರ್ ಥರ ಮಾತಾಡೀಯೆ!"

ನಿಜವೇ. ಒಂಬತ್ತಕ್ಕೆ ಊರು ಬಿಟ್ಟವಳ ಮಾತು ಒಂಬತ್ತಕ್ಕೇ ನಿಂತಿತ್ತು. ಆಟದ ಮಾತು, ಹಸಿವಿನ ಮಾತು, ಅಮ್ಮನ ಹತ್ತಿರ ಆಡುವ ಮಾತು ಅವಳಿಗೆ ಬರುತ್ತಿದ್ದವು. ಮದುವೆಯಾದ ಹೆಂಗಸು ಸಾವಿನ ಬಗ್ಗೆ, ಪಶ್ಚಾತ್ತಾಪದ ಬಗ್ಗೆ ಆಡುವ ಮಾತುಗಳನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಅಮ್ಮನ ಮುಂದೆ ಏನಾದರೂ ಹೇಳಬೇಕೆಂದೇ ಅಷ್ಟು ದೂರ ಬಂದಿದ್ದಳು. ಹುಡುಕಿದಳು. ಕೊನೆಗೆ ಗೊತ್ತಿದ್ದುದನ್ನೇ ಹೇಳಿದಳು, ಮಡಕೆ ಒಡೆದ ಹುಡುಗಿ ಹೇಳುವಂತೆ:

"ಅವ್ವಾ, ತಪ್ಪಾಯ್ತು. ಇನ್ಮೇಕೆ ಹಂಗ್ ಮಾಡಾಕಿಲ್ಲ."

ಒಬ್ಬಿಬ್ಬರು ನಕ್ಕರು. ಬಾಸಿಲಿಯಾ ಚೀಚಾದ ಬಟ್ಟಲನ್ನು ಅವಳ ಕೈಗಿಟ್ಟು, "ಕುಡಿ, ಕುಡಿ. ಬಿಸ್ಲು ಜೋರೈತೆ," ಎಂದಳು.

ಮಿಲುಸ್ಕಾ ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಬಾಸಿಲಿಯಾಳ ಮನೆಗೆ ಹೋಗತೊಡಗಿದಳು. ಗೈಡ್ ಕೆಲಸ ಸಿಕ್ಕಿತು. ಕೆಚುವಾ ಕಲಿತಳು. ಎಷ್ಟು ಕಲಿತರೂ ಸ್ಪ್ಯಾನಿಷ್‌ನ ಧಾಟಿ ಹೋಗಲಿಲ್ಲ, ಊರ ಮಕ್ಕಳು ಅವಳನ್ನು ಅಣಕಿಸುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳದೆ ಅವರ ಜೊತೆ ನಗುತ್ತಿದ್ದಳು. ನಕ್ಕರೆ ನಗಲಿ ಎನ್ನುವುದು ಇಷ್ಟು ಸುಲಭವಿತ್ತೇ ಎಂದು ನಿಕಾಸಿಯಾ ಬೆರಗಾಗುತ್ತಿದ್ದಳು.

ಒಂದು ಸಂಜೆ, ಮಗಳ ಮಾತು ಚೆನ್ನಾಗಿ ಕುದುರಿದ ಮೇಲೆ, ಬಹಳ ದಿನದಿಂದ ಕಾದಿಟ್ಟ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ಈಗ ನಿಂಗೆ ಎಲ್ಲ ತಿಳಿಯುತ್ತಲ್ಲ. ಆವತ್ತು ಅಜ್ಜಿ ಹೇಳಿದ್ದನ್ನ ನೆನಪು ಮಾಡ್ಕೊಂಡು ನೋಡು. ಏನಾದ್ರೂ ಹೊಳೆಯುತ್ತಾ?"

ಮಿಲುಸ್ಕಾ ತಲೆಯಾಡಿಸಿದಳು.

"ನಾನೂ ಎಷ್ಟೋ ಸಲ ನೋಡಿದೀನಿ ಅಮ್ಮ. ಆಗ ಅದು ನನ್ನ ಕಿವಿಗೆ ಬರೀ ಸದ್ದು. ಮಾತು ಆಗಿದ್ರೆ ನೆನಪಿರೋದು. ಅಜ್ಜಿ ಕೈ ಬೆಚ್ಚಗಿತ್ತು, ಅದೊಂದೇ ನೆನಪು."

ನಿಕಾಸಿಯಾ "ಹೌದಾ" ಎಂದಳು. ಬೆಳಗ್ಗೆ ಐವರು ಜರ್ಮನಿಯವರು ಬರುವವರಿದ್ದರು. ಮಹಡಿ ಹತ್ತಿ ಹೋಗಿ, ಆಗಲೇ ಹಾಸಿದ್ದ ಹಾಸಿಗೆಗಳನ್ನು ಇನ್ನೊಮ್ಮೆ ಸರಿಮಾಡತೊಡಗಿದಳು.